ಯಾವ ಓಎಸ್ ಎಂಬುದು ಕೊನೆಗೆ ಕೇಳಬೇಕಾದ ಪ್ರಶ್ನೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಎಂಬ ಓಎಸ್‌ನ, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್‌ನ, ಮಾಮೂಲಿ ಬೆಂಬಲ ಮುಗಿಯಿತು. ಮರುದಿನವೂ ಕಂಪ್ಯೂಟರ್ ಎಂದಿನಂತೆ ಆನ್ ಆಯಿತು, ಬ್ರೌಸರ್ ತೆರೆಯಿತು, ಪ್ರಿಂಟರ್ ಓಡಿತು. ಹಾಗಾಗಿ ಬಹಳ ಜನ ಇದನ್ನು ತಲೆಗೆ ಹಚ್ಚಿಕೊಂಡಿಲ್ಲ. ನಿಂತಿರುವುದು ತಿಂಗಳು ತಿಂಗಳು ಬರುತ್ತಿದ್ದ ಭದ್ರತಾ ಅಪ್‌ಡೇಟ್. ವಿಂಡೋಸ್ 10 ಮತ್ತು 11ರ ಒಳಗಿನ ಬಹುಪಾಲು ಕೋಡ್ ಒಂದೇ. 11ರಲ್ಲಿ ಒಂದು ದೋಷವನ್ನು ಮುಚ್ಚಿದಾಗ, ಆ ಅಪ್‌ಡೇಟನ್ನು ಬಿಡಿಸಿ ನೋಡಿದವರಿಗೆ 10ರಲ್ಲಿ ಅದೇ ದೋಷ ಎಲ್ಲಿ ತೆರೆದೇ ಇದೆ ಎಂಬುದೂ ಗೊತ್ತಾಗುತ್ತದೆ. ದಿನ ಹೋದಷ್ಟೂ ಅಪಾಯ ಹೆಚ್ಚುವುದು ಈ ಕಾರಣಕ್ಕೆ.

ಮನೆಬಳಕೆಯವರಿಗೆ ಇಎಸ್‌ಯು ಎಂಬ ಭದ್ರತಾ ಅಪ್‌ಡೇಟ್ ವಿಸ್ತರಣೆಯನ್ನು ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ಘೋಷಿಸಿತು. ಅದಕ್ಕೆ ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆಯೂ ಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಣಿಯ ಕೊಂಡಿ ಇರುತ್ತದೆ. ಇದು ಯೋಚಿಸಲು ಸಿಕ್ಕ ಕಾಲಾವಕಾಶ, ಅಷ್ಟೇ. ಆ ಕಾಲವನ್ನು ಹೆಚ್ಚಿನವರು ಕಳೆಯುವುದು "ವಿಂಡೋಸ್ ಒಳ್ಳೆಯದೋ, ಲಿನಕ್ಸೋ, ಮ್ಯಾಕೋ" ಎಂಬ ಮುಗಿಯದ ವಾದದಲ್ಲಿ. ಬಿಟ್ಟಿರಲಾಗದ ಸಾಫ್ಟ್‌ವೇರ್ ಯಾವುದು, ಕಂಪ್ಯೂಟರಿಗೆ ಚುಚ್ಚುವ ಸಾಧನಗಳು ಯಾವುವು, ಈ ಯಂತ್ರಕ್ಕೆ ಇನ್ನೆಷ್ಟು ವರ್ಷ ಅಪ್‌ಡೇಟ್ ಸಿಗುತ್ತದೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಓಎಸ್ ಯಾವುದೆಂದು ಬೇರೆ ಕೇಳಬೇಕಾಗಿಲ್ಲ. ಸಾಮಾನ್ಯವಾಗಿ ಒಂದೇ ಉಳಿದಿರುತ್ತದೆ.

ಮೊದಲು ಯಂತ್ರವನ್ನೇ ನೋಡಿ

ವಿಂಡೋಸ್ 11ಕ್ಕೆ 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಯುಇಎಫ್‌ಐ (ಯಂತ್ರವನ್ನು ಆರಂಭಿಸುವ ಹೊಸ ಬಗೆಯ ವ್ಯವಸ್ಥೆ), ಸೆಕ್ಯೂರ್ ಬೂಟ್ (ಸಹಿಯಿಲ್ಲದ ಸಾಫ್ಟ್‌ವೇರ್ ಆರಂಭವಾಗದಂತೆ ತಡೆಯುವ ವ್ಯವಸ್ಥೆ) ಮತ್ತು ಟಿಪಿಎಂ 2.0 (ಕೀಗಳನ್ನು ಕಾಪಾಡುವ ಭದ್ರತಾ ಚಿಪ್) ಬೇಕು. ಪ್ರೊಸೆಸರ್ ಇಂಟೆಲ್ ಆದರೆ ಸ್ಥೂಲವಾಗಿ ಎಂಟನೇ ತಲೆಮಾರು, ಎಎಂಡಿ ಆದರೆ ರೈಜನ್ 2000 ಸರಣಿ ಅಥವಾ ಅದರ ನಂತರದ್ದಾಗಿರಬೇಕು. "ಈ ಪಿಸಿಗೆ ಆಗುವುದಿಲ್ಲ" ಎಂಬ ಸಂದೇಶ ಕಂಡ ಕೂಡಲೇ ಕೈಚೆಲ್ಲುವುದು ಬೇಡ. ಎಷ್ಟೋ ಯಂತ್ರಗಳಲ್ಲಿ ಟಿಪಿಎಂ ಇದ್ದೂ ಬಯಾಸ್‌ನಲ್ಲಿ (ಯಂತ್ರ ಆನ್ ಆದ ಕೂಡಲೇ ತೆರೆಯಬಹುದಾದ ಅದರ ಸೆಟ್ಟಿಂಗ್ಸ್ ಪುಟದಲ್ಲಿ) ಆಫ್ ಆಗಿರುತ್ತದೆ. ಅಲ್ಲಿ ಅದು ಟಿಪಿಎಂ ಎಂಬ ಹೆಸರಿನಲ್ಲೇ ಕಾಣಬೇಕೆಂದಿಲ್ಲ. ಇಂಟೆಲ್ ಬೋರ್ಡುಗಳಲ್ಲಿ ಪಿಟಿಟಿ, ಎಎಂಡಿ ಬೋರ್ಡುಗಳಲ್ಲಿ ಎಫ್‌ಟಿಪಿಎಂ ಎಂದಿರುತ್ತದೆ. ಆನ್ ಮಾಡಿ ಸೇವ್ ಮಾಡಿದರೆ ಮುಗಿಯಿತು.

ಸೆಕ್ಯೂರ್ ಬೂಟ್ ಇಷ್ಟು ಸುಲಭವಲ್ಲ. ಹಳೆಯ ವಿಂಡೋಸನ್ನು ಲೆಗಸಿ ಎಂಬ ಹಳೆಯ ಬೂಟ್ ಮೋಡ್‌ನಲ್ಲಿ ಹಾಕಿದ್ದರೆ ಡಿಸ್ಕ್ ಎಂಬಿಆರ್ ಎಂಬ ಹಳೆಯ ಪಾರ್ಟಿಶನ್ ಮಾದರಿಯಲ್ಲಿರುತ್ತದೆ. ಆಗ ಬಯಾಸ್‌ನಲ್ಲಿ ಯುಇಎಫ್‌ಐಗೆ ಬದಲಿಸಿದರೆ ವಿಂಡೋಸ್ ಬೂಟ್ ಆಗುವುದೇ ಇಲ್ಲ, ಎಲ್ಲ ಹೋಯಿತೆಂದು ಗಾಬರಿಯಾಗುತ್ತದೆ. ಮರಳಿ ಲೆಗಸಿಗೆ ಹಾಕಿದರೆ ಎಲ್ಲವೂ ಇದ್ದ ಹಾಗೇ ಇರುತ್ತದೆ. ಸರಿಯಾದ ಕ್ರಮವೆಂದರೆ ಬ್ಯಾಕಪ್ ತೆಗೆದು, ವಿಂಡೋಸ್‌ನೊಳಗೇ ಇರುವ ಎಂಬಿಆರ್2ಜಿಪಿಟಿ ಎಂಬ ಉಪಕರಣವನ್ನು ಮೊದಲು ಪರೀಕ್ಷೆಯ ಆಯ್ಕೆಯಲ್ಲಿ ಓಡಿಸಿ, ಅದು ಒಪ್ಪಿದರೆ ಡಿಸ್ಕನ್ನು ಜಿಪಿಟಿ ಎಂಬ ಹೊಸ ಮಾದರಿಗೆ ಪರಿವರ್ತಿಸಿ, ಆಮೇಲೆ ಬಯಾಸ್‌ಗೆ ಕೈಹಾಕುವುದು.

ಪ್ರೊಸೆಸರೇ ಹಳೆಯದಾದರೆ ಇನ್‌ಸ್ಟಾಲ್ ಪೆನ್‌ಡ್ರೈವ್ ತಯಾರಿಸುವ ರೂಫಸ್‌ನಂಥ ಉಪಕರಣದಿಂದ ಈ ತಪಾಸಣೆಗಳನ್ನು ತಪ್ಪಿಸಿ ವಿಂಡೋಸ್ 11 ಹಾಕಬಹುದು. ಹಾಕಿದವರು ಬಹಳ ಜನ. ಆದರೆ ಇಂಥ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆಂಬ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ತಿಂಗಳ ಭದ್ರತಾ ಅಪ್‌ಡೇಟ್ ಸಾಮಾನ್ಯವಾಗಿ ಬರುತ್ತದೆ. ವರ್ಷಕ್ಕೊಮ್ಮೆಯ ದೊಡ್ಡ ಆವೃತ್ತಿಯನ್ನು ಮಾತ್ರ ಪ್ರತಿ ಸಲ ಕೈಯಾರೆ ಹಾಕಬೇಕಾಗಬಹುದು. ಹೋಮ್ ಆವೃತ್ತಿ ಒಂದೊಂದಕ್ಕೂ ಬೆಂಬಲ 24 ತಿಂಗಳು ಮಾತ್ರ ಎಂಬುದನ್ನು ಮರೆತರೆ ಮತ್ತೆ ಮೊದಲಿನ ಸ್ಥಿತಿಗೇ ಬಂದು ನಿಲ್ಲುತ್ತೇವೆ. ಇನ್ನು 24ಎಚ್2 ಆವೃತ್ತಿಯಿಂದ ಈಚೆಗೆ ಎಸ್‌ಎಸ್‌ಇ 4.2 ಸೂಚನೆಗಳಿಲ್ಲದ ಪ್ರೊಸೆಸರ್‌ಗಳಲ್ಲಿ, ಅಂದರೆ ಕೋರ್ 2 ಡ್ಯುಯೋ ಕಾಲದವುಗಳಲ್ಲಿ, ವಿಂಡೋಸ್ 11 ಬೂಟ್ ಕೂಡ ಆಗದು. ಇದಕ್ಕೆ ಅಡ್ಡದಾರಿಯೂ ಇಲ್ಲ. ಆಟಕ್ಕೋ ಹಾಡಿಗೋ ಇಟ್ಟ ಎರಡನೇ ಯಂತ್ರಕ್ಕೆ ಈ ಉಪಾಯ ನಡೆದೀತು. ಬ್ಯಾಂಕ್ ವ್ಯವಹಾರ ಮಾಡುವ ಯಂತ್ರಕ್ಕೆ ಬೇಡ.

ಇಲ್ಲೇ ಒಂದು ಮಾತು ಸೇರಿಸಬೇಕು. "ಕಂಪ್ಯೂಟರ್ ನಿಧಾನ, ಓಎಸ್ ಬದಲಿಸಬೇಕು" ಎನ್ನುವವರಲ್ಲಿ ಅರ್ಧಕ್ಕರ್ಧ ಜನರಿಗೆ ಬೇಕಿರುವುದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್. ತಿರುಗುವ ಹಾರ್ಡ್ ಡಿಸ್ಕ್ ತೆಗೆದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿದಾಗ ಸಿಗುವ ವೇಗವನ್ನು ಯಾವ ಹಗುರ ಲಿನಕ್ಸೂ ಕೊಡಲಾರದು. ರ್‍ಯಾಮ್ ವಿಷಯವೂ ಹಾಗೆಯೇ: ಹಗುರವಾದ ಲಿನಕ್ಸ್ ಡೆಸ್ಕ್‌ಟಾಪ್ ತಾನು 1 ಜಿಬಿಯೊಳಗೆ ಕೂತರೂ, ಹತ್ತು ಟ್ಯಾಬ್ ತೆರೆದ ಬ್ರೌಸರ್ ಯಾವ ಓಎಸ್‌ನಲ್ಲಾದರೂ ಅಷ್ಟೇ ತಿನ್ನುತ್ತದೆ. 4 ಜಿಬಿಯಲ್ಲಿ ಒದ್ದಾಡುವುದಕ್ಕಿಂತ 8 ಜಿಬಿಗೆ ಏರಿಸುವುದು ಮೇಲು.

ಬಿಟ್ಟಿರಲಾಗದ ಸಾಫ್ಟ್‌ವೇರ್ ಯಾವುದು

ಒಂದು ತಿಂಗಳಲ್ಲಿ ನಿಜವಾಗಿ ತೆರೆದ ಸಾಫ್ಟ್‌ವೇರ್‌ಗಳ ಪಟ್ಟಿ ಬರೆಯಿರಿ. ಬ್ರೌಸರಿನೊಳಗೆ ಆಗುವುದನ್ನೆಲ್ಲ ಹೊಡೆದುಹಾಕಿ. ಬ್ಲೆಂಡರ್, ಕೈಕ್ಯಾಡ್, ಇಂಕ್‌ಸ್ಕೇಪ್, ಒಬಿಎಸ್, ವಿಎಲ್‌ಸಿ, ಅರ್ಡ್ವಿನೋ ಐಡಿಇ, 3ಡಿ ಮುದ್ರಣದ ಕ್ಯೂರಾ ಮತ್ತು ಪ್ರೂಸಾಸ್ಲೈಸರ್ ಮೂರೂ ಕಡೆ ಓಡುತ್ತವೆ, ಅವನ್ನೂ ತೆಗೆಯಿರಿ. ಉಳಿಯುವುದು ಎರಡೋ ಮೂರೋ ಹೆಸರು. ನಿರ್ಧಾರ ಆಗುವುದು ಅವುಗಳ ಮೇಲೆ.

ಫೋಟೋಶಾಪ್, ಲೈಟ್‌ರೂಮ್ ಕ್ಲಾಸಿಕ್ ಉಳಿದರೆ ವಿಂಡೋಸ್ ಅಥವಾ ಮ್ಯಾಕ್, ಲಿನಕ್ಸ್‌ನಲ್ಲಿ ಅವಿಲ್ಲ. 3ಡಿ ವಿನ್ಯಾಸದ ಫ್ಯೂಷನ್ ಕೂಡ ಹಾಗೆಯೇ. ಸಾಲಿಡ್‌ವರ್ಕ್ಸ್ ವಿಂಡೋಸ್‌ಗೆ ಮಾತ್ರ. ಸಂಗೀತದ ಲಾಜಿಕ್ ಪ್ರೊ ಮ್ಯಾಕ್‌ಗೆ ಮಾತ್ರ. ಏಬಲ್ಟನ್ ಲೈವ್‌ಗೆ ಲಿನಕ್ಸ್ ಆವೃತ್ತಿ ಇಲ್ಲ, ರೀಪರ್‌ಗೆ ಇದೆ. ಆದರೆ ಸಂಗೀತದಲ್ಲಿ ತೊಡಕು ಮುಖ್ಯ ಸಾಫ್ಟ್‌ವೇರ್‌ಗಿಂತ ಪ್ಲಗಿನ್‌ಗಳದ್ದು. ಹಣ ಕೊಟ್ಟು ಕೊಂಡ ಪ್ಲಗಿನ್‌ಗಳ ಲೈಸೆನ್ಸ್ ತಪಾಸಣೆ ಮಾಡುವ ಪುಟ್ಟ ಪ್ರೋಗ್ರಾಂ ವಿಂಡೋಸ್, ಮ್ಯಾಕ್‌ಗಳಿಗಷ್ಟೇ ಇರುವುದು ಹೆಚ್ಚು.

ವಿಡಿಯೋ ಎಡಿಟಿಂಗ್‌ನಲ್ಲಿ ಒಂದು ಬಲೆ ಇದೆ. ಡಾವಿಂಚಿ ರಿಸಾಲ್ವ್ ಲಿನಕ್ಸ್‌ಗೂ ಸಿಗುತ್ತದೆ ಎಂದು ಓದಿ ಹಾಕಿದವರು, ಫೋನಿನಲ್ಲಿ ತೆಗೆದ ವಿಡಿಯೋ ಎಳೆದು ಬಿಟ್ಟಾಗ ಚಿತ್ರವೇ ಬರದೆ ತಬ್ಬಿಬ್ಬಾಗುತ್ತಾರೆ. ಅದರ ಉಚಿತ ಆವೃತ್ತಿ ಲಿನಕ್ಸ್‌ನಲ್ಲಿ ಎಚ್.264, ಎಚ್.265 ಫೈಲುಗಳನ್ನು ತೆರೆಯುವುದಿಲ್ಲ. ಫೋನು, ಕ್ಯಾಮೆರಾಗಳ ಬಹುತೇಕ ವಿಡಿಯೋಗಳು ಇವೇ. ಎಫ್‌ಎಫ್‌ಎಂಪೆಗ್ ಎಂಬ ಪರಿವರ್ತಕದಿಂದ ಡಿಎನ್‌ಎಕ್ಸ್‌ಎಚ್‌ಆರ್ ಎಂಬ ಎಡಿಟಿಂಗ್ ಮಾದರಿಗೆ ಬದಲಿಸಿಕೊಂಡು ಕೆಲಸ ಮಾಡಬಹುದು, ಆದರೆ ಫೈಲ್ ಗಾತ್ರ ಹಲವು ಪಟ್ಟು ಬೆಳೆಯುತ್ತದೆ. ವಾರಕ್ಕೊಂದು ವಿಡಿಯೋ ಮಾಡುವವರು ಇದನ್ನು ಸಹಿಸುವುದು ಕಷ್ಟ. ಕೆಡೆನ್‌ಲೈವ್ ಎಂಬ ಉಚಿತ ಎಡಿಟರ್ ಸಾಕಾಗುವಂತಿದ್ದರೆ ಈ ಗೋಜೇ ಇಲ್ಲ.

ಆಟಗಳ ಸ್ಥಿತಿ ಬದಲಾಗಿದೆ. ವಾಲ್ವ್ ಕಂಪನಿ 2018ರಲ್ಲಿ ತಂದ ಪ್ರೋಟಾನ್ (ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಫ್ಟ್‌ವೇರ್), 2022ರಲ್ಲಿ ಮಾರುಕಟ್ಟೆಗೆ ಬಂದ ಸ್ಟೀಮ್ ಡೆಕ್ ಎಂಬ ಲಿನಕ್ಸ್ ಆಟದ ಯಂತ್ರ, ಇವೆರಡರ ದೆಸೆಯಿಂದ ಒಬ್ಬರೇ ಆಡುವ ವಿಂಡೋಸ್ ಆಟಗಳ ದೊಡ್ಡ ಪಾಲು ಲಿನಕ್ಸ್‌ನಲ್ಲಿ ಓಡುತ್ತದೆ. ಅಡ್ಡ ನಿಂತಿರುವುದು ಆನ್‌ಲೈನ್ ಸ್ಪರ್ಧೆಯ ಆಟಗಳ ಆಂಟಿ-ಚೀಟ್, ಅಂದರೆ ಮೋಸದಾಟ ತಡೆಯುವ ಸಾಫ್ಟ್‌ವೇರ್. ವ್ಯಾಲೊರಂಟ್, ಫೋರ್ಟ್‌ನೈಟ್ ಲಿನಕ್ಸ್‌ನಲ್ಲಿ ಇಲ್ಲ. ಏಪೆಕ್ಸ್ ಲೆಜೆಂಡ್ಸ್ ಮೊದಲು ಓಡುತ್ತಿತ್ತು, 2024ರ ಕೊನೆಗೆ ಲಿನಕ್ಸ್ ಬಳಕೆದಾರರನ್ನು ಹೊರಗಿಟ್ಟರು. ಇಂದು ಓಡುವ ಆನ್‌ಲೈನ್ ಆಟ ನಾಳೆಯೂ ಓಡುತ್ತದೆ ಎಂಬ ಭರವಸೆ ಇಲ್ಲ. ಮನೆಯಲ್ಲಿ ಇಂಥ ಆಟಕ್ಕೆ ಜೋತುಬಿದ್ದವರಿದ್ದರೆ ಆ ಯಂತ್ರಕ್ಕೆ ವಿಂಡೋಸೇ ಇರಲಿ, ವಾದ ಬೇಡ.

ಎಕ್ಸೆಲ್ ಮ್ಯಾಕ್ರೋಗಳಿರುವ ಫೈಲನ್ನು ಲಿಬ್ರೆಆಫೀಸ್ ಎಂಬ ಉಚಿತ ಕಚೇರಿ ಸಾಫ್ಟ್‌ವೇರ್ ತೆರೆಯುತ್ತದೆ, ಮ್ಯಾಕ್ರೋಗಳು ಭಾಗಶಃ ಓಡುತ್ತವೆ. ಆ "ಭಾಗಶಃ"ದಲ್ಲಿ ನಿಮಗೆ ಬೇಕಾದದ್ದು ಬರುತ್ತದೋ ಇಲ್ಲವೋ ಎಂಬುದನ್ನು ವಿಂಡೋಸ್ ಇರುವಾಗಲೇ ಪರೀಕ್ಷಿಸಬಹುದು. ಓಎಸ್ ಬದಲಿಸುವವರಿಗೆ ಕೊಡಬಹುದಾದ ಅತ್ಯಂತ ಉಪಯುಕ್ತ ಸಲಹೆಯೂ ಇದೇ: ಮೊದಲು ಸಾಫ್ಟ್‌ವೇರ್ ಬದಲಿಸಿ, ಓಎಸ್ ಆಮೇಲೆ. ಲಿಬ್ರೆಆಫೀಸ್, ಫೋಟೋಗಳಿಗೆ ಡಾರ್ಕ್‌ಟೇಬಲ್, 3ಡಿ ವಿನ್ಯಾಸಕ್ಕೆ ಫ್ರೀಕ್ಯಾಡ್ ಎಲ್ಲವೂ ವಿಂಡೋಸ್‌ನಲ್ಲೂ ಓಡುತ್ತವೆ. ಎರಡು ತಿಂಗಳು ಅವುಗಳಲ್ಲೇ ಕೆಲಸ ಮಾಡಿ ನೋಡಿ. ಕೈಕೂಡಿದರೆ ಆಮೇಲೆ ಕೆಳಗಿನ ಓಎಸ್ ಬದಲಾದದ್ದು ಅಷ್ಟಾಗಿ ಗೊತ್ತೇ ಆಗುವುದಿಲ್ಲ. ಎರಡನ್ನೂ ಒಂದೇ ದಿನ ಬದಲಿಸಿದವರೇ ವಾರದೊಳಗೆ ಹಿಂದಿರುಗುವುದು.

ಚುಚ್ಚುವ ಸಾಧನಗಳು

ಹವ್ಯಾಸಿಗಳು ಹೆಚ್ಚು ಮುಗ್ಗರಿಸುವುದು ಇಲ್ಲಿ, ಅದರಲ್ಲೂ ಯುಎಸ್‌ಬಿ ಸೀರಿಯಲ್ ಪೋರ್ಟಿನಲ್ಲಿ. ಅಗ್ಗದ ಅರ್ಡ್ವಿನೋ ನ್ಯಾನೋ ಮಾದರಿಯ ಎಲೆಕ್ಟ್ರಾನಿಕ್ಸ್ ಬೋರ್ಡುಗಳಲ್ಲಿ ಕಂಪ್ಯೂಟರಿನೊಡನೆ ಮಾತಾಡಲು ಸಿಎಚ್340 ಎಂಬ ಚಿಪ್ ಇರುತ್ತದೆ. ಉಬುಂಟು 22.04 ಎಂಬ ಲಿನಕ್ಸ್‌ನಲ್ಲಿ ಅದನ್ನು ಚುಚ್ಚಿದಾಗ ಬೋರ್ಡಿನ ದೀಪ ಹೊತ್ತುತ್ತದೆ, ಪೋರ್ಟ್ ಕ್ಷಣಕಾಲ ಕಾಣಿಸಿ ಮಾಯವಾಗುತ್ತದೆ. ಬೋರ್ಡ್ ಸುಟ್ಟಿದೆಯೆಂದು ಎಸೆದವರೂ ಇದ್ದಾರು. ದೋಷ ಇರುವುದು ಬಿಆರ್‌ಎಲ್‌ಟಿಟಿವೈ ಎಂಬ ಸೇವೆಯಲ್ಲಿ. ಅದು ಬ್ರೈಲ್ ಪರದೆಗಳನ್ನು ನಡೆಸಲು ಇರುವ ಸೇವೆ. ಕೆಲವು ಬ್ರೈಲ್ ಸಾಧನಗಳಲ್ಲೂ ಇದೇ ಚಿಪ್ ಇರುವುದರಿಂದ ಯುಎಸ್‌ಬಿ ಗುರುತಿನ ಸಂಖ್ಯೆ ಒಂದೇ. ಬೋರ್ಡನ್ನು ಬ್ರೈಲ್ ಪರದೆಯೆಂದು ತಿಳಿದು ಅದು ಕಸಿದುಕೊಳ್ಳುತ್ತದೆ. ಮನೆಯಲ್ಲಿ ಬ್ರೈಲ್ ಪರದೆ ಬಳಸುವವರಿಲ್ಲದಿದ್ದರೆ ಆ ಪ್ಯಾಕೇಜ್ ತೆಗೆದುಹಾಕಿ, ಬೋರ್ಡನ್ನು ಕಿತ್ತು ಮತ್ತೆ ಚುಚ್ಚಿದರೆ ಸರಿಹೋಗುತ್ತದೆ.

ಪೋರ್ಟ್ ಕಂಡರೂ "ಅನುಮತಿ ಇಲ್ಲ" ಎಂದು ಬಂದರೆ ಅದು ಬೇರೆ ಕಾರಣ. ಡೆಬಿಯನ್, ಉಬುಂಟು, ಮಿಂಟ್ ಎಂಬ ಲಿನಕ್ಸ್‌ಗಳಲ್ಲಿ ನಿಮ್ಮ ಬಳಕೆದಾರ ಹೆಸರನ್ನು ಡಯಲ್‌ಔಟ್ ಎಂಬ ಗುಂಪಿಗೆ ಸೇರಿಸಬೇಕು, ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಬೇಕು. ಸೇರಿಸಿಯೂ ಲಾಗೌಟ್ ಆಗದೆ "ಇನ್ನೂ ಆಗುತ್ತಿಲ್ಲ" ಎನ್ನುವುದು ಮಾಮೂಲು. ಈ ಎರಡಕ್ಕೂ ಮೊದಲು ಕೇಬಲ್ ಬದಲಿಸಿ ನೋಡಿ. ಚಾರ್ಜಿಂಗ್‌ಗೆಂದೇ ಬರುವ ಕೆಲವು ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ.

ಲಿನಕ್ಸ್ ಮಾತ್ರ ಹೀಗೆ ಎಂದೇನಿಲ್ಲ. ಹಳೆಯ ರೇಡಿಯೋ ಸೆಟ್, ಜಿಪಿಎಸ್‌ಗಳ ಕೇಬಲ್‌ಗಳಲ್ಲಿದ್ದ ಪಿಎಲ್2303 ಚಿಪ್‌ನ ಹಳೆಯ ಮಾದರಿಗಳನ್ನು ವಿಂಡೋಸ್‌ನ ಹೊಸ ಡ್ರೈವರ್ ತಿರಸ್ಕರಿಸುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಈ ಚಿಪ್ ನಿಂತುಹೋಗಿದೆ ಎಂಬ ಅರ್ಥದ ಸಾಲು ಕಾಣುತ್ತದೆ. ಅದೇ ಕೇಬಲ್ ಲಿನಕ್ಸ್‌ನಲ್ಲಿ ಚುಚ್ಚಿದ ಕೂಡಲೇ ಓಡುತ್ತದೆ. ತಯಾರಕರು ಕೈಬಿಟ್ಟ ಹಳೆಯ ಸ್ಕ್ಯಾನರ್‌ಗಳ ಕತೆಯೂ ಹಲವು ಸಲ ಇದೇ. ಹೊಸ ನೆಟ್‌ವರ್ಕ್ ಪ್ರಿಂಟರ್‌ಗಳು ಏರ್‌ಪ್ರಿಂಟ್ ಬೆಂಬಲಿಸಿದರೆ ಮ್ಯಾಕ್, ಲಿನಕ್ಸ್‌ಗಳಲ್ಲಿ ಡ್ರೈವರ್ ಬೇಡ.

ವಿಂಡೋಸ್‌ನೊಳಗೇ ಲಿನಕ್ಸ್ ಕೊಡುವ ಡಬ್ಲ್ಯುಎಸ್‌ಎಲ್ 2 ಪ್ರೋಗ್ರಾಮಿಂಗ್ ಕಲಿಯುವವರಿಗೆ ಧಾರಾಳವಾಗಿ ಸಾಕು. ಯುಎಸ್‌ಬಿ ಸಾಧನಗಳು ಮಾತ್ರ ಅದರೊಳಗೆ ತಾವಾಗಿ ಕಾಣವು. ಯುಎಸ್‌ಬಿಐಪಿಡಿ ಎಂಬ ಪ್ರತ್ಯೇಕ ಉಪಕರಣ ಹಾಕಿ, ಪ್ರತಿ ಸಲ ಸಾಧನವನ್ನು ಒಳಗೆ ಜೋಡಿಸಬೇಕು. ದಿನವೂ ಬೋರ್ಡ್ ಪ್ರೋಗ್ರಾಂ ಮಾಡುವವರಿಗೆ ಬೇಸರ ಬರುವ ಕೆಲಸ.

ಲಿನಕ್ಸ್ ಎಂದಾದರೆ

ಯಾವ ಲಿನಕ್ಸ್ ಎಂಬುದಕ್ಕೆ ಬೆಂಬಲದ ಅವಧಿಯೇ ಉತ್ತರ. ಲಿನಕ್ಸ್ ಮಿಂಟ್ 22 ಸರಣಿ ಉಬುಂಟು 24.04ರ ಮೇಲೆ ನಿಂತಿದ್ದು 2029ರವರೆಗೆ ಅಪ್‌ಡೇಟ್ ಪಡೆಯುತ್ತದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ಕ್ಕೆ ಪೂರ್ಣ ಬೆಂಬಲ ಮೂರು ವರ್ಷ, ಆಮೇಲೆ ಎರಡು ವರ್ಷ ದೀರ್ಘಾವಧಿ ಬೆಂಬಲ. ಫೆಡೋರಾದ ಒಂದು ಆವೃತ್ತಿ ಸುಮಾರು 13 ತಿಂಗಳು ಬಾಳುತ್ತದೆ. ಹೊಸ ಲ್ಯಾಪ್‌ಟಾಪಿಗೆ ಹೊಸ ಕರ್ನೆಲ್ (ಹಾರ್ಡ್‌ವೇರನ್ನು ನಡೆಸುವ ಲಿನಕ್ಸ್‌ನ ತಿರುಳು) ಬೇಕಾದವರಿಗೆ ಅದು ಸರಿ. ವಿಂಡೋಸ್‌ನಿಂದ ಬರುವವರಿಗೆ ಮಿಂಟ್‌ನ ಸಿನಮನ್ ಆವೃತ್ತಿ ಹಾಕಿ ಕೊಡುವುದರಲ್ಲಿ ತಪ್ಪಿಲ್ಲ. ಬಹುಪಾಲು ಕೈಯಾರೆ ಜೋಡಿಸಬೇಕಾದ ಆರ್ಚ್‌ನಿಂದ ಶುರು ಮಾಡಿ ಎನ್ನುವವರ ಮಾತನ್ನು ಕೇಳದಿರುವುದು ಕ್ಷೇಮ. 32 ಬಿಟ್ ಯಂತ್ರ ಇದ್ದರೆ ದಾರಿ ಮುಚ್ಚುತ್ತಾ ಬಂದಿದೆ: ಡೆಬಿಯನ್ 13ರಲ್ಲಿ ಅದಕ್ಕೆ ಇನ್‌ಸ್ಟಾಲರ್ ಇಲ್ಲ, ಫೈರ್‌ಫಾಕ್ಸ್ ಕೂಡ 144ರ ನಂತರ 32 ಬಿಟ್ ಲಿನಕ್ಸನ್ನು ಕೈಬಿಟ್ಟಿತು.

8 ಜಿಬಿ ಪೆನ್‌ಡ್ರೈವ್ ಸಾಕು. ಐಎಸ್‌ಒ ಎಂಬ ಇನ್‌ಸ್ಟಾಲ್ ಫೈಲ್ ಇಳಿಸಿ, ಅದು ಕೆಟ್ಟಿಲ್ಲವೆಂದು ತಿಳಿಯಲು ಅದರ ಎಸ್‌ಎಚ್‌ಎ-256 ಮೊತ್ತ ತಾಳೆ ನೋಡಿ, ರೂಫಸ್ ಅಥವಾ ಎಚರ್‌ನಿಂದ ಬರೆಯಿರಿ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಒತ್ತದೆ ಅರ್ಧ ದಿನ ಬಳಸಿ. ವೈಫೈ, ಬ್ಲೂಟೂತ್, ಧ್ವನಿ, ಕ್ಯಾಮೆರಾ, ಪರದೆಯ ಬೆಳಕು, ಎರಡನೇ ಮಾನಿಟರ್ ಎಲ್ಲವನ್ನೂ ನೋಡಿ. ಮುಚ್ಚಳ ಮುಚ್ಚಿ ತೆರೆದಾಗ ಲ್ಯಾಪ್‌ಟಾಪ್ ಎಚ್ಚರವಾಗುತ್ತದೆಯೇ ಎಂಬುದನ್ನಂತೂ ಬಿಡಬೇಡಿ, ಹೆಚ್ಚು ಕೈಕೊಡುವುದು ಅದೇ. ಬ್ರಾಡ್‌ಕಾಮ್ ವೈಫೈ ಚಿಪ್ ಇದ್ದರೆ ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಡ್ರೈವರ್ ಬೇಕು ಎಂಬ ಪೀಕಲಾಟ; ಫೋನನ್ನು ಯುಎಸ್‌ಬಿ ಟೆದರಿಂಗ್‌ನಲ್ಲಿ ಜೋಡಿಸಿದರೆ ಬಗೆಹರಿಯುತ್ತದೆ. ಪೆನ್‌ಡ್ರೈವ್‌ನಲ್ಲಿ ಓಡುವಾಗಿನ ನಿಧಾನಗತಿಯನ್ನು ಲೆಕ್ಕಕ್ಕೆ ಇಡಬೇಡಿ.

ವಿಂಡೋಸ್ ಜೊತೆಗೇ ಇಟ್ಟುಕೊಳ್ಳುವುದಾದರೆ ಎರಡು ಪ್ರತ್ಯೇಕ ಡಿಸ್ಕ್ ಇರುವುದು ಲೇಸು. ಒಂದೇ ಡಿಸ್ಕ್‌ನಲ್ಲಿ ಮಾಡಿದರೆ ಎಡವಟ್ಟಿಗೆ ಜಾಗ ಜಾಸ್ತಿ. ವಿಂಡೋಸ್ ಸಾಮಾನ್ಯವಾಗಿ ಬೂಟ್ ಫೈಲುಗಳಿಗೆಂದು 100 ಎಂಬಿಯ ಇಎಫ್‌ಐ ಪಾರ್ಟಿಶನ್ ಮಾಡಿರುತ್ತದೆ. ಇನ್ನೊಂದು ಓಎಸ್ ಬಂದರೆ ಅದು ತುಂಬಿ ಅಪ್‌ಡೇಟ್‌ಗಳು ಅರ್ಧಕ್ಕೆ ನಿಲ್ಲಬಹುದು. ಬಿಟ್‌ಲಾಕರ್ ಎಂಬ ಡಿಸ್ಕ್ ಗೂಢಲಿಪೀಕರಣ ಇದ್ದರೆ, ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಮುಟ್ಟಿದ ಮೇಲೆ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಹೊಸ ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಈ ಗೂಢಲಿಪೀಕರಣ ತಾನಾಗಿಯೇ ಶುರುವಾಗಿರುತ್ತದೆ, ಮಾಲೀಕರಿಗೇ ಗೊತ್ತಿರುವುದಿಲ್ಲ. ಕೀಯನ್ನು ಮೊದಲೇ ಕಾಗದದಲ್ಲಿ ಬರೆದಿಡಿ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಇಲ್ಲದಿದ್ದರೆ ವಿಂಡೋಸ್ ಪೂರ್ತಿ ಮುಚ್ಚದೆ ಅರೆನಿದ್ದೆಯಲ್ಲಿರುತ್ತದೆ, ಲಿನಕ್ಸ್ ಆ ಪಾರ್ಟಿಶನ್‌ಗೆ ಏನನ್ನೂ ಬರೆಯಲು ಒಪ್ಪುವುದಿಲ್ಲ.

ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಬಯಾಸ್‌ನಲ್ಲಿ ಸ್ಟೋರೇಜ್ ಇಂಟೆಲ್ ಆರ್‌ಎಸ್‌ಟಿ ಅಥವಾ ರೇಡ್ ಮೋಡ್‌ನಲ್ಲಿರುತ್ತದೆ. ಎಎಚ್‌ಸಿಐ ಎಂಬ ಸಾಮಾನ್ಯ ಮೋಡ್‌ಗೆ ಬದಲಿಸಬೇಕು, ಆದರೆ ನೇರವಾಗಿ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ. ಮೊದಲು ವಿಂಡೋಸ್‌ನ ಎಂಎಸ್‌ಕಾನ್ಫಿಗ್ ಉಪಕರಣದಲ್ಲಿ ಸೇಫ್ ಬೂಟ್ ಟಿಕ್ ಮಾಡಿ, ರೀಸ್ಟಾರ್ಟ್ ಆಗುವಾಗ ಬಯಾಸ್‌ಗೆ ಹೋಗಿ ಬದಲಿಸಿ, ಸೇಫ್ ಮೋಡ್‌ಗೆ ಒಮ್ಮೆ ಹೊಕ್ಕು ಟಿಕ್ ತೆಗೆಯಿರಿ. ಎನ್ವಿಡಿಯಾ ಕಾರ್ಡ್ ಇದ್ದು ಸೆಕ್ಯೂರ್ ಬೂಟ್ ಆನ್ ಇದ್ದರೆ, ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ಮರುಬೂಟ್‌ನಲ್ಲಿ ನೀಲಿ ಬಣ್ಣದ ಪರದೆ ಬಂದಾಗ ಎನ್‌ರೋಲ್ ಎಂಒಕೆ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಅರ್ಥವಾಗದೆ ಕಂಟಿನ್ಯೂ ಒತ್ತಿದವರಿಗೆ ಡ್ರೈವರ್ ಲೋಡ್ ಆಗುವುದಿಲ್ಲ, ಬೈಗುಳ ಎನ್ವಿಡಿಯಾಕ್ಕೆ ಹೋಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಯಾವ ಕಡೆಯೂ ಅಡ್ಡಿಯಿಲ್ಲ. ಲಿನಕ್ಸ್‌ನಲ್ಲಿ ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿದರೆ ಕೆಜಿಪಿ ಕೀಬೋರ್ಡ್ ವಿನ್ಯಾಸ ಸಿಗುತ್ತದೆ. ವಿಂಡೋಸ್‌ನಲ್ಲಿ 2019ರಿಂದ ಕನ್ನಡದ ಫೊನೆಟಿಕ್ ಕೀಬೋರ್ಡ್ ಒಳಗೇ ಇದೆ. ತೊಂದರೆ ಯೂನಿಕೋಡ್ ಅಲ್ಲದ ಹಳೆಯ ಫೈಲುಗಳದ್ದು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ವಿಂಡೋಸ್ ಬಿಡುವ ಮುನ್ನವೇ ಅವನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಿ.

ಉಳಿದವು

ಮ್ಯಾಕ್‌ನ ಮಾತು ಚಿಕ್ಕದು. ಯಂತ್ರ ಮತ್ತು ಓಎಸ್ ಒಟ್ಟಿಗೇ ಬರುತ್ತವೆ. 2025ರ ಮ್ಯಾಕ್‌ಓಎಸ್ ಟಾಹೋ ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯದು, ಅದೂ ಕೆಲವೇ ಮಾದರಿಗಳಿಗೆ. ಹಳೆಯ ಇಂಟೆಲ್ ಮ್ಯಾಕನ್ನು ಈಗ ಯಾರಾದರೂ ಕೊಡುತ್ತೇನೆಂದರೆ ಅದನ್ನು ಲಿನಕ್ಸ್ ಯಂತ್ರವೆಂದೇ ಲೆಕ್ಕ ಹಾಕಬೇಕು. 2020ರ ನವೆಂಬರ್‌ನಿಂದ ಬಂದ ಎಂ ಸರಣಿಯಲ್ಲಿ ವಿಂಡೋಸ್ ಹಾಕಿಕೊಳ್ಳಲು ಬಿಡುವ ಬೂಟ್ ಕ್ಯಾಂಪ್ ಇಲ್ಲ, ರ್‍ಯಾಮ್ ಮುಂದೆ ಏರಿಸಲಾಗದು. ಕೊಳ್ಳುವ ದಿನವೇ ಎಷ್ಟು ಬೇಕೋ ಅಷ್ಟು ಕೊಳ್ಳಬೇಕು. ಸಂಗೀತ, ವಿಡಿಯೋ ಮಾಡುವವರಿಗೆ ಇದಕ್ಕಿಂತ ತಲೆನೋವು ಕಡಿಮೆಯ ಆಯ್ಕೆ ಇನ್ನೊಂದಿಲ್ಲ.

ಬ್ರೌಸರ್ ಬಿಟ್ಟು ಬೇರೇನೂ ತೆರೆಯದ ಹಿರಿಯರ ಯಂತ್ರಕ್ಕೆ ಗೂಗಲ್‌ನ ಕ್ರೋಮ್‌ಓಎಸ್ ಫ್ಲೆಕ್ಸ್ ಆದೀತು: 4 ಜಿಬಿ ರ್‍ಯಾಮ್, 16 ಜಿಬಿ ಜಾಗ ಸಾಕು. ಆದರೆ ಕ್ರೋಮ್‌ಬುಕ್‌ನಂತೆ ಆಂಡ್ರಾಯ್ಡ್ ಆ್ಯಪ್‌ಗಳು ಇದರಲ್ಲಿ ಬರುವುದಿಲ್ಲ. ಫ್ರೀಬಿಎಸ್‌ಡಿ, ಹೈಕು ಮುಂತಾದ ಓಎಸ್‌ಗಳು ಕಲಿಯುವ ಖುಷಿಗೆ. ಅವಕ್ಕೆ ಎರಡನೇ ಯಂತ್ರವನ್ನೋ ವರ್ಚುವಲ್ ಯಂತ್ರವನ್ನೋ ಕೊಡಿ, ದಿನಬಳಕೆಯದನ್ನಲ್ಲ.

ಎಲ್ಲಿಗೇ ಹೋದರೂ ಬ್ಯಾಕಪ್ ಡಿಸ್ಕ್ ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟ್‌ನಲ್ಲಿರಲಿ. ಮೂರೂ ಓಎಸ್ ಅದನ್ನು ಓದಿ ಬರೆಯುತ್ತವೆ. ಮ್ಯಾಕ್ ಎನ್‌ಟಿಎಫ್‌ಎಸ್ ಡಿಸ್ಕನ್ನು ಓದುತ್ತದೆ, ಬರೆಯುವುದಿಲ್ಲ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರದು. ವಿಂಡೋಸ್ ಅಳಿಸುವ ಮುನ್ನ ಅದರ ಇನ್‌ಸ್ಟಾಲ್ ಪೆನ್‌ಡ್ರೈವ್ ಒಂದನ್ನು ಅದೇ ಯಂತ್ರದಲ್ಲಿ ಮಾಡಿಟ್ಟುಕೊಳ್ಳಿ. ಡಿಜಿಟಲ್ ಲೈಸೆನ್ಸ್ ಆ ಯಂತ್ರದ ಹಾರ್ಡ್‌ವೇರ್‌ಗೆ, ಮುಖ್ಯವಾಗಿ ಮದರ್‌ಬೋರ್ಡಿಗೆ, ಅಂಟಿಕೊಂಡಿರುವುದರಿಂದ ಮರಳಿ ಹಾಕಿದಾಗ ಕೀ ಕೇಳದೆ ಆಕ್ಟಿವೇಟ್ ಆಗುತ್ತದೆ. ಮೊದಲಿದ್ದದ್ದು ಹೋಮ್ ಆಗಿದ್ದರೆ ಹೋಮ್ ಆವೃತ್ತಿಯನ್ನೇ ಆರಿಸಬೇಕು. ಪ್ರೊ ಆರಿಸಿದರೆ ಆಗುವುದಿಲ್ಲ.